ನೆಂಟರೊಡನೆ ಫೋರ್ಟ್ ಕೊಚ್ಚಿಗೆ

ಊರಿನಿಂದ ಹಿರಿಯರು ಬಂದರೆಂದರೆ, ಕೊಚ್ಚಿ ತಿರುವನಂತಪುರಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ, “ಎಲ್ಲಿಗೆ ಕರೆದುಕೊಂಡು ಹೋಗೋಣ?” ಎಂಬುದು. ಪದ್ಮನಾಭಸ್ವಾಮಿಯ ದರ್ಶನವಾಯಿತು, ಗುರುವಾಯೂರೂ ಆಯಿತು. ಉಳಿದದ್ದು ಫೋರ್ಟ್ ಕೊಚ್ಚಿ. ಕಳೆದ ಚಳಿಗಾಲದಲ್ಲಿ ಶಿವಮೊಗ್ಗದಿಂದ ಬಂದಿದ್ದ ಅತ್ತೆಯವರನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ನಾವು ಹೊರಟೆವು. ಹೋದದ್ದು ಒಂದು ಸಲವಲ್ಲ, ಮೂರು ಸಲ! ಮೊದಲ ಸಲ ಶುಕ್ರವಾರ; ಅರಮನೆಗೆ ಬೀಗ. ಮರುದಿನ ಶನಿವಾರ, ಯೆಹೂದಿಗಳ ಪ್ರಾರ್ಥನಾಮಂದಿರಕ್ಕೆ ಬೀಗ. “ನೀವು ಈ ಸೀಮೆಗೆ ಬಂದು ಎಷ್ಟು ವರ್ಷವಾಯಿತಪ್ಪಾ?” ಎಂದು ಅತ್ತೆಯವರು ಕೇಳಿದಾಗ ಉತ್ತರ ಹೇಳಲು ನಾಚಿಕೆಯಾಯಿತು. ನಮ್ಮ ಪಾಡು ನಿಮಗೆ ಬಾರದಿರಲೆಂದು ಈ ನಾಲ್ಕು ಮಾತು.

ಯಾವಾಗ, ಹೇಗೆ?

ನವೆಂಬರಿನ ಕೊನೆಯಿಂದ ಫೆಬ್ರವರಿಯವರೆಗೆ ಹವೆ ಹಿತಕರ. ಜೂನ್ ತಿಂಗಳಲ್ಲಿ ಹಿಡಿದ ಮಳೆ ಹಿರಿಯರನ್ನು ಹೊರಗೆ ಕಾಲಿಡಗೊಡದು. ಏಪ್ರಿಲ್ ಮೇ ತಿಂಗಳ ಸೆಕೆಯಂತೂ ಘಟ್ಟದ ಮೇಲಿನವರಿಗೆ ತಡೆಯದು. ವಾರದಲ್ಲಿ ಭಾನುವಾರದಿಂದ ಗುರುವಾರದೊಳಗಿನ ದಿನವನ್ನೇ ಆರಿಸಿಕೊಳ್ಳಿ.

ತಿರುವನಂತಪುರದವರಿಗೆ ಬೆಳಗಿನ ಜಾವ ಹೊರಡುವ ರೈಲು ಅನುಕೂಲ. ಆದರೆ ಅದೇ ದಿನ ಹಿಂದಿರುಗುವ ಆತುರ ಬೇಡ. ಒಂದು ರಾತ್ರಿ ತಂಗುವುದೇ ಸರಿ. ಮಂಗಳೂರಿನಿಂದ ನೆಂಟರು ನೇರವಾಗಿ ಬರುವುದಾದರೆ ಒಂದು ಎಚ್ಚರಿಕೆ: ಎರ್ನಾಕುಲಂಗೆ ದೊಡ್ಡ ನಿಲ್ದಾಣಗಳು ಎರಡು. ಜಂಕ್ಷನ್ ಎಂದರೆ ಸೌತ್, ಟೌನ್ ಎಂದರೆ ನಾರ್ತ್. ಪರಶುರಾಮ್ ಎಕ್ಸ್‌ಪ್ರೆಸ್ ನಿಲ್ಲುವುದು ಟೌನ್ ನಿಲ್ದಾಣದಲ್ಲಿ. ನೀವು ಒಂದರಲ್ಲಿ ಕಾದು ನಿಂತು, ಅವರು ಇನ್ನೊಂದರಲ್ಲಿ ಇಳಿದು, ಇಬ್ಬರೂ ಬೇಸರಪಡುವ ಪ್ರಸಂಗ ಬಾರದಿರಲಿ.

ಎರ್ನಾಕುಲಂನಿಂದ ಫೋರ್ಟ್ ಕೊಚ್ಚಿಗೆ ರಸ್ತೆಯುಂಟು. ಆದರೆ ನೀರಿನ ಮೇಲೆ ಹೋಗುವ ಸುಖವೇ ಬೇರೆ. ಸರಕಾರದ ಜಲಸಾರಿಗೆ ದೋಣಿಗಳು ಮುಖ್ಯ ಜೆಟ್ಟಿಯಿಂದ ಕೆಲವೇ ರೂಪಾಯಿಗೆ ಕರೆದೊಯ್ಯುತ್ತವೆ. 2023ರ ಏಪ್ರಿಲಿನಲ್ಲಿ ಆರಂಭವಾದ ಜಲಮೆಟ್ರೋ, 2024ರ ಏಪ್ರಿಲಿನಿಂದ ಹೈಕೋರ್ಟ್ ನಿಲ್ದಾಣದಿಂದ ಫೋರ್ಟ್ ಕೊಚ್ಚಿಗೂ ಬರುತ್ತಿದೆ. ವಿದ್ಯುತ್ತಿನಿಂದ ನಡೆಯುವ ದೋಣಿ. 40 ರೂಪಾಯಿ ಟಿಕೆಟ್, ಇಪ್ಪತ್ತು ನಿಮಿಷದ ದಾರಿ. ನಿಲ್ದಾಣದ ಕಟ್ಟೆಯೂ ನೀರಿನಲ್ಲಿ ತೇಲುವಂಥದ್ದಾದ್ದರಿಂದ ದೋಣಿಯ ಮಟ್ಟಕ್ಕೇ ಇರುತ್ತದೆ. ಮಂಡಿನೋವಿನವರು ಹೆಜ್ಜೆ ಎತ್ತಿ ಹಾರಬೇಕಾಗಿಲ್ಲ. ರಜಾದಿನಗಳಲ್ಲಿ ಸಾಲು ಉದ್ದವಿರುವುದರಿಂದ ಬೆಳಿಗ್ಗೆ ಬೇಗನೆ ಹೊರಡಿ. ದಾರಿಯಲ್ಲಿ ಕಾಣುವ ವಿಲ್ಲಿಂಗ್ಡನ್ ದ್ವೀಪವನ್ನು ಮಕ್ಕಳಿಗೆ ತೋರಿಸಿ. ಬ್ರಿಸ್ಟೋ ಎಂಬ ಇಂಜಿನಿಯರರು ಕಳೆದ ಶತಮಾನದಲ್ಲಿ ಬಂದರಿನ ಹೂಳನ್ನು ತೆಗೆಸಿ, ಆ ಮಣ್ಣಿನಿಂದಲೇ ನಿರ್ಮಿಸಿದ ನೆಲ ಅದು.

ಬೆಳಗಿನ ಹೊತ್ತು

ದೋಣಿಯಿಳಿದು ಸ್ವಲ್ಪ ನಡೆದರೆ ಚೀನಾ ಬಲೆಗಳು. ಏತದ ನೀರಾವರಿ ಕಂಡವರಿಗೆ ಇದರ ಮರ್ಮ ತಟ್ಟನೆ ಹೊಳೆಯುತ್ತದೆ: ಒಂದು ಕಡೆ ಬಲೆ, ಇನ್ನೊಂದು ಕಡೆ ಹಗ್ಗಕ್ಕೆ ಕಟ್ಟಿದ ಕಲ್ಲುಗುಂಡುಗಳ ಭಾರ. ನಾಲ್ಕಾರು ಜನ ಹಗ್ಗ ಜಗ್ಗಿದರೆ ಬಲೆ ಮೇಲೇಳುತ್ತದೆ. ಮೀನಿನ ವಾಸನೆ ಸೇರದ ಹಿರಿಯರನ್ನು ಬಹಳ ಹೊತ್ತು ಅಲ್ಲಿ ನಿಲ್ಲಿಸಬೇಡಿ.

ಅಲ್ಲಿಂದ ಸಂತ ಫ್ರಾನ್ಸಿಸ್ ಇಗರ್ಜಿಗೆ ಮರಗಳ ನೆರಳಿನ ದಾರಿ. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ನಡೆಯುತ್ತಿದ್ದರೆ ಮುಗಿಯುವವರೆಗೆ ಹೊರಗೆ ಕಾಯುವುದು ಮರ್ಯಾದೆ. ವಾಸ್ಕೋ ಡ ಗಾಮ 1524ರ ಡಿಸೆಂಬರಿನಲ್ಲಿ ಕೊಚ್ಚಿಯಲ್ಲಿಯೇ ತೀರಿಕೊಂಡಾಗ ಮಣ್ಣು ಮಾಡಿದ್ದು ಇಲ್ಲಿ. ಹದಿನಾಲ್ಕು ವರ್ಷಗಳ ಮೇಲೆ ಅವನ ಅಸ್ಥಿಯನ್ನು ಪೋರ್ಚುಗಲ್ಲಿಗೆ ಕೊಂಡೊಯ್ದರು. ಕಲ್ಲು ಮಾತ್ರ ಉಳಿದಿದೆ. “ಸತ್ತ ಮೇಲಾದರೂ ಊರು ಸೇರಿದನಲ್ಲ,” ಎಂದರು ಅತ್ತೆಯವರು.

ಊಟ, ನೀರು, ಮಾತು

ಶಾಕಾಹಾರಿಗಳು ಮಟ್ಟಾಂಚೇರಿಯ ಗುಜರಾತಿ ಬೀದಿಯ ಕಡೆ ಹೋದರೆ ಊಟಕ್ಕೆ ಚಿಂತೆಯಿಲ್ಲ. ತಲೆಮಾರುಗಳಿಂದ ನೆಲೆಸಿದ ಗುಜರಾತಿಗಳ ಕೇರಿ ಅದು. ಆಟೋದಲ್ಲಿ ಹತ್ತು ಹದಿನೈದು ನಿಮಿಷ. ಊಟದೊಡನೆ ನಸುಗೆಂಪು ಬಿಸಿನೀರು ಬಂದರೆ ನೆಂಟರು ಲೋಟವನ್ನು ದೂರ ತಳ್ಳುತ್ತಾರೆ. ಅದು ಕೊಳೆಯಲ್ಲ, ಪದಿಮುಗದ ಚಕ್ಕೆ ಹಾಕಿ ಕುದಿಸಿದ ನೀರು. ಹೊಟ್ಟೆಗೂ ಹಿತ ಎಂದು ಮೊದಲೇ ತಿಳಿಸಿಬಿಡಿ.

ಮಾತಿನಲ್ಲಿಯೂ ಎಚ್ಚರಿಕೆ ಬೇಕು. ಅತ್ತೆಯವರು ಹೋಟೆಲಿನ ಹುಡುಗನನ್ನು “ತಿಂಡಿಯ ಪಟ್ಟಿ ಕೊಡಪ್ಪಾ” ಎಂದು ಕೇಳಿದರು. ಅವನು ಬೆಚ್ಚಿ ಮೇಜಿನ ಕೆಳಗೆ ನೋಡಿದ. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ! ಅನ್ನಕ್ಕೆ ಚೋರು, ಸಾಕು ಎನ್ನುವುದಕ್ಕೆ ಮದಿ, ಎಷ್ಟು ಎನ್ನುವುದಕ್ಕೆ ಎತ್ರ. ಈ ಮೂರು ಪದ ಕಲಿಸಿದರೆ ಮಧ್ಯಾಹ್ನ ಸುಖವಾಗಿ ಕಳೆಯುತ್ತದೆ.

ಮಟ್ಟಾಂಚೇರಿಯಲ್ಲಿ

ಮೊದಲು ಅರಮನೆ. 1555ರ ಸುಮಾರಿಗೆ ಪೋರ್ಚುಗೀಸರು ಕಟ್ಟಿಸಿ ಕೊಚ್ಚಿಯ ಅರಸನಿಗೆ ಒಪ್ಪಿಸಿದ್ದು; 1663ರಲ್ಲಿ ಡಚ್ಚರು ದುರಸ್ತಿ ಮಾಡಿದ್ದರಿಂದ ಡಚ್ ಅರಮನೆ ಎಂಬ ಹೆಸರು. ಅರಸನ ಮಲಗುವ ಕೋಣೆಯ ಗೋಡೆಗಳ ತುಂಬ ರಾಮಾಯಣದ ಚಿತ್ರಗಳಿವೆ. ಹಿರಿಯರೇ ಮಕ್ಕಳಿಗೆ ಕಥೆ ಹೇಳಲಿ. ಬೇರೆ ಮಾರ್ಗದರ್ಶಿ ಬೇಕಿಲ್ಲ. ನಮ್ಮ ಮಕ್ಕಳು ಪುತ್ರಕಾಮೇಷ್ಟಿ ಎಂಬ ಪದವನ್ನು ಮೊಟ್ಟಮೊದಲು ಕೇಳಿದ್ದು ಅಲ್ಲಿ, ಅಜ್ಜಿಯ ಬಾಯಿಂದ.

ಸಮೀಪದಲ್ಲೇ, ಅರಮನೆಯ ದೇವಸ್ಥಾನದ ಗೋಡೆಗೆ ತಾಗಿಕೊಂಡು, 1568ರಲ್ಲಿ ಕಟ್ಟಿದ ಯೆಹೂದಿಗಳ ಮಂದಿರ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಮುಚ್ಚಿರುತ್ತದೆ. ಪಾದರಕ್ಷೆ ಹೊರಗೆ, ಭುಜ, ಮೊಣಕಾಲು ಮುಚ್ಚುವ ಉಡುಪಿರಲಿ. ಒಳಗೆ ಚೀನಾದಿಂದ ತರಿಸಿದ ನೀಲಿ ಬಿಳಿ ಹಂಚುಗಳ ನೆಲ. ಇದರ ಹೆಸರು ಪರದೇಶಿ ಸಿನಗಾಗ್. ನಮ್ಮ ಕಡೆ ಪರದೇಶಿ ಎಂದರೆ ದಿಕ್ಕಿಲ್ಲದವನು, ಬೈಗುಳ. ಇಲ್ಲಿ ಅದು ದೇವರ ಮನೆಯ ಹೆಸರು. 1968ರಲ್ಲಿ ನಾನೂರನೆಯ ವರ್ಷದ ಉತ್ಸವಕ್ಕೆ ಪ್ರಧಾನಿ ಇಂದಿರಾ ಗಾಂಧಿಯವರು ಬಂದಿದ್ದರು.

ಆದರೆ 1948ರಲ್ಲಿ ಮೆಡಿಟರೇನಿಯನ್ ಕಡಲ ದಡದಲ್ಲಿ ಇಸ್ರೇಲ್ ರಾಷ್ಟ್ರ ಹುಟ್ಟಿದ ಮೇಲೆ ಕೊಚ್ಚಿಯ ಯೆಹೂದಿಗಳಲ್ಲಿ ಬಹುಪಾಲು ಮಂದಿ ಅಲ್ಲಿಗೆ ಹೊರಟುಹೋದರು. ಮಟ್ಟಾಂಚೇರಿಯ ಇನ್ನೊಂದು ಸಿನಗಾಗಿನ ಮರಗೆಲಸವನ್ನು ಈಗ ನೋಡಬೇಕಾದರೆ ಜೆರುಸಲೇಮಿನ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಈ ಬೀದಿಯಲ್ಲಿ ಅಂಗಡಿಗಳಿವೆ, ಯೆಹೂದಿ ಸಂಸಾರಗಳಿಲ್ಲ. ಅವರ ಧರ್ಮದಲ್ಲಿ ಸಾಮೂಹಿಕ ಪ್ರಾರ್ಥನೆಗೆ ಪ್ರಾಯಕ್ಕೆ ಬಂದ ಹತ್ತು ಮಂದಿ ಗಂಡಸರು ಸೇರಬೇಕೆಂಬ ನಿಯಮ. ಊರಿನವರಲ್ಲಿ ಆ ಹತ್ತು ಮಂದಿ ಈಗಿಲ್ಲ.

ಇದನ್ನು ವಿವರಿಸಿದಾಗ ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮ್ಮ ಸಂಘದಲ್ಲಿ ಕನ್ನಡ ಓದಬಲ್ಲ ಮಕ್ಕಳು ಹತ್ತು ಮಂದಿ ಇದ್ದಾರೆಯೇ?” ಎಂದು ಕೇಳಿದರು. ನಾವು ಬೆರಳು ಮಡಿಸಿ ಎಣಿಸಿದೆವು. ಆರಕ್ಕೆ ನಿಂತಿತು. ಆ ಆರರಲ್ಲಿ ನಮ್ಮ ಮಕ್ಕಳಿರಲಿಲ್ಲ.

ಸಂಜೆ ಚೆರಳಾಯಿಯ ತಿರುಮಲ ದೇವಸ್ವಂಗೆ ಹೋದೆವು. ಕೇರಳದ ದೇವಸ್ಥಾನಗಳಲ್ಲಿ ಗಂಡಸರು ಅಂಗಿ ಕಳಚುವುದು ಪದ್ಧತಿಯಾದ್ದರಿಂದ ಪಂಚೆ, ಶಲ್ಯ ಜೊತೆಗಿರಲಿ. 16ನೆಯ ಶತಮಾನದಲ್ಲಿ ಗೋವೆಯಿಂದ ಮನೆಮಠ ಬಿಟ್ಟು ಬಂದ ಕೊಂಕಣಿಗರ ವೆಂಕಟೇಶ್ವರನ ಗುಡಿ ಇದು. ಇವರ ಪೂರ್ವಿಕರಲ್ಲಿ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ವೈದ್ಯರು ಡಚ್ಚರ ಪ್ರಸಿದ್ಧ ಸಸ್ಯಗ್ರಂಥ ‘ಹೋರ್ತುಸ್ ಮಲಬಾರಿಕುಸ್’ಗೆ ನೆರವಾದವರು, ಅವರು ಕೊಂಕಣಿಯಲ್ಲಿ ಬರೆದ ಪತ್ರ 1678ರ ಮೊದಲ ಸಂಪುಟದಲ್ಲಿ ನಾಗರಿ ಲಿಪಿಯಲ್ಲೇ ಅಚ್ಚಾಗಿದೆ. ನಾವು ಹೋದಾಗ ಜಗಲಿಯ ಮೇಲೆ ಪುಟ್ಟ ಹುಡುಗಿಯೊಬ್ಬಳು ತನ್ನ ಅಜ್ಜಿಯೊಡನೆ ಕೊಂಕಣಿಯಲ್ಲಿ ಜಗಳವಾಡುತ್ತಿದ್ದಳು. ನಾನೂರು ವರ್ಷಗಳ ಮೇಲೂ ಜಗಳವಾಡುವಷ್ಟು ಭಾಷೆ ಉಳಿದಿದೆ!

ಹಿಂದಿರುಗಲು ತೋಪ್ಪುಂಪಡಿಯ ಮಾರ್ಗವಾಗಿ ಎರ್ನಾಕುಲಂಗೆ ಬಸ್ಸುಗಳು ಧಾರಾಳ. ಕೊಡೆ, ಟೋಪಿ, ಹಿರಿಯರ ಮಾತ್ರೆಗಳನ್ನು ಮರೆಯಬೇಡಿ. ಇನ್ನೊಂದು ವಸ್ತುವನ್ನೂ ಚೀಲದಲ್ಲಿಡಿ: ಗೆರೆ ಹಾಕಿದ ಒಂದು ನೋಟ್‌ಬುಕ್ಕು. ಅಜ್ಜಿಯೋ ತಾತನೋ ಹೇಳಿದ್ದನ್ನು ಮಕ್ಕಳು ಅದರಲ್ಲಿ ಕನ್ನಡದಲ್ಲಿ ಬರೆದುಕೊಳ್ಳಲಿ, ತಪ್ಪಾದರೂ ಚಿಂತೆಯಿಲ್ಲ. ನಮ್ಮ ಹಿರಿಯ ಮಗಳು ಈಗ ವಾರಕ್ಕೊಂದು ಪುಟ ಬರೆದು ಶಿವಮೊಗ್ಗಕ್ಕೆ ಕಳುಹಿಸುತ್ತಿದ್ದಾಳೆ. ಅಜ್ಜಿ ಕೆಂಪು ಮಸಿಯಲ್ಲಿ ತಿದ್ದಿ ಹಿಂದಕ್ಕೆ ಕಳುಹಿಸುತ್ತಾರೆ. ನಮ್ಮ ಲೆಕ್ಕದಲ್ಲಿ ಆರು ಏಳಾಗಿದೆ. ಉಳಿದ ಮೂವರು ನಿಮ್ಮ ಮನೆಗಳಲ್ಲಿದ್ದಾರೆಂದು ನಂಬಿದ್ದೇವೆ.