ಊರು ನಗರವಾದಾಗ ‘ಶುಗರ್’ ಏಕೆ ಹೆಚ್ಚುತ್ತದೆ?

ಮಕ್ಕಳೇ, ಬೆಂಗಳೂರಿನ ಪಶ್ಚಿಮಕ್ಕೆ ಮಲ್ಲತ್ತಹಳ್ಳಿ ಎಂಬ ಊರಿದೆ. ಹೆಸರಿನಲ್ಲಿ ಇನ್ನೂ ‘ಹಳ್ಳಿ’ ಉಳಿದಿದೆ, ಕೆರೆಯೂ ಇದೆ. ಆದರೆ ಸುತ್ತ ಈಗ ಮನೆ, ಅಂಗಡಿ, ಬೇಕರಿ, ವಾಹನಗಳು. ಹೀಗೆ ಹಳ್ಳಿ ನಗರವಾದಾಗ ಜನರ ದುಡಿಮೆ, ಓಡಾಟ, ಊಟ ಎಲ್ಲವೂ ಬದಲಾಗುತ್ತವೆ. ಆಗ ಹೆಚ್ಚುವ ಒಂದು ಕಾಯಿಲೆ ಮಧುಮೇಹ. ಮನೆಗಳಲ್ಲಿ ಇದನ್ನೇ ‘ಶುಗರ್’ ಅಥವಾ ಸಕ್ಕರೆ ಕಾಯಿಲೆ ಎನ್ನುತ್ತಾರೆ.

ಮಧುಮೇಹ ಎಂದರೇನು?

ಅನ್ನ, ಮುದ್ದೆ, ಚಪಾತಿಯಲ್ಲಿರುವ ಪಿಷ್ಟವು ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯಾಗುತ್ತದೆ. ರಕ್ತವು ಅದನ್ನು ಜೀವಕೋಶಗಳ ಬಳಿಗೆ ಒಯ್ಯುತ್ತದೆ. ಅದು ಒಳಹೋಗಲು ಇನ್ಸುಲಿನ್ ನೆರವಾಗುತ್ತದೆ. ಇದು ಮೇದೋಜೀರಕಾಂಗದಲ್ಲಿ ತಯಾರಾಗುವ ಹಾರ್ಮೋನು. ಇನ್ಸುಲಿನ್ ಅನ್ನು ಬೀಗದ ಕೈ ಎಂದುಕೊಳ್ಳಿ. ಎರಡನೇ ಬಗೆಯ ಮಧುಮೇಹದಲ್ಲಿ ಬೀಗವೇ ತುಕ್ಕು ಹಿಡಿದಂತಾಗುತ್ತದೆ. ಕೀಲಿಕೈ ಇದ್ದರೂ ಬಾಗಿಲು ಸರಿಯಾಗಿ ತೆರೆಯುವುದಿಲ್ಲ. ಮೇದೋಜೀರಕಾಂಗ ಇನ್ನಷ್ಟು ಇನ್ಸುಲಿನ್ ತಯಾರಿಸಿ ಕೊನೆಗೆ ಸೋಲುತ್ತದೆ. ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ.

ನಗರದಲ್ಲಿ ಏಕೆ ಹೆಚ್ಚು?

2000ನೇ ಇಸವಿಯಲ್ಲಿ ದೇಶದ ಆರು ನಗರಗಳಲ್ಲಿ ಸಮೀಕ್ಷೆ ನಡೆಯಿತು. ಬೆಂಗಳೂರಿನಲ್ಲಿ 100 ವಯಸ್ಕರಲ್ಲಿ ಸುಮಾರು 12 ಮಂದಿಗೆ ಮಧುಮೇಹವಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2023ರಲ್ಲಿ ಹೊರಬಂತು. ಅದರಂತೆ ದೇಶದ ನಗರಗಳಲ್ಲಿ 100 ವಯಸ್ಕರಲ್ಲಿ ಸುಮಾರು 16 ಮಂದಿಗೆ, ಹಳ್ಳಿಗಳಲ್ಲಿ ಸುಮಾರು 9 ಮಂದಿಗೆ ಈ ಕಾಯಿಲೆಯಿದೆ. ಪ್ರಪಂಚದ ಮಧುಮೇಹಿಗಳಲ್ಲಿ ಐವರಲ್ಲಿ ನಾಲ್ವರು ನಮ್ಮಂತಹ ಅಭಿವೃದ್ಧಿಶೀಲ ದೇಶಗಳವರೇ.

ಹೊಲ ಉಳುವಾಗ, ನೀರು ಹೊರುವಾಗ, ನಡೆಯುವಾಗ ನಮ್ಮ ಸ್ನಾಯುಗಳು ಗ್ಲೂಕೋಸನ್ನು ಬಳಸಿಕೊಳ್ಳುತ್ತವೆ. ನಗರದಲ್ಲಿ ಅನೇಕರದು ಕುಳಿತು ಮಾಡುವ ಕೆಲಸ. ಮೇಲಾಗಿ ಮೈದಾ, ಎಣ್ಣೆ ತಿಂಡಿ, ಸಿಹಿ ಪಾನೀಯ ಸುಲಭವಾಗಿ ಸಿಗುತ್ತವೆ. ಬಳಕೆಯಾಗದ ಆಹಾರ ಕೊಬ್ಬಾಗುತ್ತದೆ. ಹೊಟ್ಟೆಯ ಸುತ್ತ ಸೇರುವ ಕೊಬ್ಬೇ ಆ ‘ತುಕ್ಕಿ’ಗೆ ಮುಖ್ಯ ಕಾರಣ. ಅನುವಂಶೀಯತೆಯೂ ಇದಕ್ಕೆ ಸೇರುತ್ತದೆ. ಆದ್ದರಿಂದ ಸಿಹಿ ತಿಂದವರಿಗೆ ಮಾತ್ರ ಮಧುಮೇಹ ಬರುತ್ತದೆ ಎಂಬುದು ತಪ್ಪು. ಇದು ಮುಟ್ಟಿದರೆ ಅಂಟುವ ರೋಗವೂ ಅಲ್ಲ.

ಸದ್ದಿಲ್ಲದ ಕಾಯಿಲೆ

ಮೊದಮೊದಲು ನೋವಿಲ್ಲ, ಜ್ವರವಿಲ್ಲ. ಆದ್ದರಿಂದ ಅನೇಕರಿಗೆ ಇದು ಬಂದಿರುವುದೇ ತಿಳಿಯದು. ಅಷ್ಟರಲ್ಲಿ ಕಣ್ಣು, ಮೂತ್ರಪಿಂಡ, ನರ, ಹೃದಯಕ್ಕೆ ಹಾನಿಯಾಗತೊಡಗುತ್ತದೆ. ಬೇಗ ತಿಳಿದರೆ ಔಷಧ, ಹಿತಮಿತ ಊಟ, ನಡಿಗೆಯಿಂದ ಹತೋಟಿಯಲ್ಲಿಡಬಹುದು. 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದರ ಪರೀಕ್ಷೆ ಉಚಿತ. ನಿಮ್ಮ ಮನೆಯ ಹಿರಿಯರು ಪರೀಕ್ಷೆ ಮಾಡಿಸಿದ್ದಾರೆಯೇ? ಇಂದೇ ಕೇಳಿ.

ಮಾಡಿ ನೋಡಿ

ತಟ್ಟೆಯಲ್ಲಿ 100 ಅವರೆಕಾಳು ಹಾಕಿ. ಅವು ನಗರದ 100 ವಯಸ್ಕರು. 16 ಕಾಳು ಬೇರೆ ಇಡಿ. ಇವರು ಮಧುಮೇಹಿಗಳು. ಇನ್ನೂ 15 ಕಾಳು ತೆಗೆಯಿರಿ. ಇವರ ಸಕ್ಕರೆ ಮಟ್ಟ ಹೆಚ್ಚಾಗಿದೆ, ಕಾಯಿಲೆ ಇನ್ನೂ ಬಂದಿಲ್ಲ. ಇವರು ಹೊಸ್ತಿಲ ಮೇಲೆ ನಿಂತವರು. ದಿನವೂ ನಡೆದರೆ, ತೂಕ ಇಳಿಸಿಕೊಂಡರೆ ಇವರಲ್ಲಿ ಅನೇಕರು ಹಿಂದೆ ಸರಿಯಬಹುದು.

ನಿಮಗೆ ಗೊತ್ತೆ?

1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಚಾರ್ಲ್ಸ್ ಬೆಸ್ಟ್ ಜೊತೆ ಸೇರಿ ಇನ್ಸುಲಿನ್ ಕಂಡುಹಿಡಿದವರು ಫ್ರೆಡರಿಕ್ ಬ್ಯಾಂಟಿಂಗ್. ಅವರು ಹುಟ್ಟಿದ ದಿನವಾದ ನವೆಂಬರ್ 14 ವಿಶ್ವ ಮಧುಮೇಹ ದಿನ. ಅಂದೇ ನಮ್ಮ ಮಕ್ಕಳ ದಿನಾಚರಣೆ!