ಗಡಿಯಾರದ ಗಾಲಿ, ಆಕಾಶದ ಹಡಗು

ಬಸವನ ಬಾಗೇವಾಡಿಯ ಸಮೀಪದ ಇಂಗಳೇಶ್ವರ ನನ್ನ ಊರು. ಕಾರಹುಣ್ಣಿಮೆ ಕಳೆದು ಮಣ್ಣೆತ್ತಿನ ಅಮಾವಾಸ್ಯೆ ಬಂದಿತೆಂದರೆ ನಾವು ಹುಡುಗರು ಎರೆಮಣ್ಣನ್ನು ತಂದು, ನಾದಿ, ಎತ್ತುಗಳನ್ನು ಮಾಡುತ್ತಿದ್ದೆವು. ಒಂದು ವರ್ಷ ನನಗೆ ಎತ್ತುಗಳಷ್ಟೇ ಸಾಲದೆ ಹೋಯಿತು. ಅವುಗಳಿಗೊಂದು ಬಂಡಿ ಬೇಕೆನಿಸಿತು. ಜೋಳದ ದಂಟಿನಿಂದ ಬಂಡಿಯ ಮೈ ಸಿದ್ಧವಾಯಿತು. ಗಾಲಿಗೆ ಮಾತ್ರ ದಾರಿ ತೋಚಲಿಲ್ಲ. ಮನೆಯ ಮಾಡದಲ್ಲಿ ಅಜ್ಜನ ಕಾಲದ, ನಿಂತುಹೋದ ಅಲಾರಂ ಗಡಿಯಾರವೊಂದಿತ್ತು. ಅದನ್ನು ಬಿಚ್ಚಿ ಎರಡು ಹಲ್ಲುಗಾಲಿಗಳನ್ನು ತೆಗೆದು ಜೋಡಿಸಿದೆ. ನೆಲಕ್ಕೆ ಮಲಗಿ, ಗಲ್ಲವನ್ನು ಮಣ್ಣಿಗೆ ಹಚ್ಚಿ ನೋಡಿದರೆ ಅಂಗೈಯಗಲದ ಆ ಬಂಡಿ ಜಾತ್ರೆಯ ತೇರಿನಂತೆ ಕಂಡಿತು. ಸಂಜೆ ಅಪ್ಪ ಬಯ್ಯಲಿಲ್ಲ. "ರಿಪೇರಿ ಮಾಡಸಬೇಕಂತ ಇಟ್ಟಿದ್ದೆ" ಎಂದಷ್ಟೇ ಅಂದರು. ಆ ಮಾತು ಬೈಗುಳಕ್ಕಿಂತ ಹೆಚ್ಚು ಕಾಲ ಉಳಿಯಿತು.

ಮುಂದೆ ನಾನು ವೈಜ್ಞಾನಿಕ ಕಥಾಚಿತ್ರಗಳನ್ನು ನೋಡಲಾರಂಭಿಸಿದಾಗ, ಇದೇ ಕೆಲಸವನ್ನು ದೊಡ್ಡವರು ಸಂಬಳ ಪಡೆದು ಮಾಡುತ್ತಿದ್ದರೆಂದು ತಿಳಿಯಿತು. 1977ರ 'ಸ್ಟಾರ್ ವಾರ್ಸ್' ಚಿತ್ರದ ಆರಂಭವನ್ನು ನೆನೆಯಿರಿ. ಒಂದು ಸಣ್ಣ ಹಡಗು ಓಡುತ್ತದೆ. ಅದರ ಬೆನ್ನು ಹತ್ತಿ, ಮುಗಿಯಿತೆನ್ನುವಷ್ಟರಲ್ಲಿ ಮತ್ತಷ್ಟು ಚಾಚಿಕೊಳ್ಳುತ್ತ, ಯುದ್ಧದ ಮಹಾನೌಕೆಯೊಂದು ತೆರೆಯನ್ನೆಲ್ಲ ತುಂಬುತ್ತದೆ. ಕಥೆಯ ಪ್ರಕಾರ ಅದರ ಉದ್ದ ಒಂದು ಮೈಲಿ. ಕಾರ್ಯಾಗಾರದಲ್ಲಿ ಅದರ ಉದ್ದ ಸುಮಾರು 3 ಅಡಿ! ಓಡುವ ಸಣ್ಣ ಹಡಗಿನ ಮಾದರಿಯೇ ಸುಮಾರು 6 ಅಡಿ ಇದ್ದು, ಅಟ್ಟಿಸಿಕೊಂಡು ಬರುವುದಕ್ಕಿಂತ ದೊಡ್ಡದಾಗಿತ್ತು.

ಹಾಗಾದರೆ ಕಣ್ಣು ಮೋಸಹೋಗುವುದೆಲ್ಲಿ? ಕಣ್ಣಿನ ಬಳಿ ಅಳತೆಗೋಲಿಲ್ಲ. ಅದು ಹೋಲಿಸಿ ಅಳೆಯುತ್ತದೆ. ನುಣುಪಾದ ಮೈಯಲ್ಲಿ ಹೋಲಿಸಲು ಏನೂ ಸಿಗದು. ಅದೇ ಮೈಯ ಮೇಲೆ ನೂರಾರು ಕೊಳವೆ, ಮುಚ್ಚಳ, ಗಾಲಿ, ಜಾಲರಿಗಳನ್ನು ಒತ್ತಾಗಿ ಕೂರಿಸಿದರೆ, ಇಷ್ಟೊಂದು ಭಾಗಗಳನ್ನು ಹೊತ್ತದ್ದು ಬೃಹತ್ತಾಗಿರಲೇಬೇಕೆಂದು ಮನಸ್ಸು ತೀರ್ಪು ಕೊಡುತ್ತದೆ.

ಈ ಸಾವಿರಾರು ತುಣುಕುಗಳನ್ನು ಒಂದೊಂದಾಗಿ ಕೆತ್ತಲು ಕಾಲವೆಲ್ಲಿ? ಮಕ್ಕಳು ಜೋಡಿಸುವ ಟ್ಯಾಂಕು, ವಿಮಾನ, ಯುದ್ಧನೌಕೆಗಳ ಪ್ಲಾಸ್ಟಿಕ್ ಕಿಟ್‌ಗಳನ್ನು ಮಾದರಿಕಾರರು ರಾಶಿರಾಶಿಯಾಗಿ ಕೊಂಡು, ಭಾಗಗಳನ್ನು ಕಿತ್ತು, ತಮ್ಮ ನೌಕೆಗೆ ಅಂಟಿಸಿದರು. ಇದಕ್ಕೆ 'ಕಿಟ್‌ಬ್ಯಾಶಿಂಗ್' ಎಂದು ಹೆಸರು; ಕಿಟ್ಟನ್ನು ಕೆಡವಿ ಬೇರೊಂದನ್ನು ಕಟ್ಟುವುದು ಎಂದರ್ಥ. ಸ್ಟ್ಯಾನ್ಲಿ ಕುಬ್ರಿಕ್ಕನ '2001: ಎ ಸ್ಪೇಸ್ ಒಡಿಸ್ಸಿ' (1968) ಚಿತ್ರದಲ್ಲಿ ಈ ಉಪಾಯ ಪಕ್ವವಾಗಿತ್ತು, ಅದರ ಡಿಸ್ಕವರಿ ನೌಕೆಯ ದೊಡ್ಡ ಮಾದರಿ ಸುಮಾರು 54 ಅಡಿ. ಅಲ್ಲಿ ದುಡಿದ ಡಗ್ಲಾಸ್ ಟ್ರಂಬುಲ್ 1972ರಲ್ಲಿ ತಾನೇ ನಿರ್ದೇಶಿಸಿದ 'ಸೈಲೆಂಟ್ ರನ್ನಿಂಗ್' ಚಿತ್ರದ ನೌಕೆಗೆ ನೂರಾರು ಟ್ಯಾಂಕ್ ಕಿಟ್‌ಗಳನ್ನು ಬಲಿಕೊಟ್ಟ. ಎರವಲು ತಂದ ತುಣುಕಿನಲ್ಲಿ ಇನ್ನೊಂದು ಲಾಭವಿದೆ. ಟ್ಯಾಂಕಿನ ಗಾಲಿಯನ್ನು ಹಿಂದೊಬ್ಬ ಇಂಜಿನಿಯರು ಒಂದು ಕೆಲಸಕ್ಕಾಗಿ ಯೋಚಿಸಿ ರೂಪಿಸಿದ್ದಾನೆ. ಆ ಯೋಚನೆಯೂ ಗಾಲಿಯೊಡನೆ ಬರುತ್ತದೆ. ಕೊನೆಗೆ ಎಲ್ಲದರ ಮೇಲೂ ಒಂದೇ ಬಣ್ಣ ಬಳಿದು, ತುಸು ಮಸಿ ಸವರಿದರೆ ಬೇರೆ ಬೇರೆ ಕುಲದ ತುಣುಕುಗಳು ಒಂದೇ ಮನೆಯವಾಗುತ್ತವೆ.

ಆಕಾರ ಹೊಂದಿದರೆ ಸಾಲದು, ಕಾಲವೂ ಹೊಂದಬೇಕು. 1954ರ ಜಪಾನೀ ಚಿತ್ರ 'ಗೋಜಿರಾ'ಕ್ಕಾಗಿ ಐಜಿ ತ್ಸುಬುರಾಯಾ ಟೋಕಿಯೋ ನಗರವನ್ನು ಇಪ್ಪತ್ತೈದರಲ್ಲೊಂದು ಅಳತೆಗೆ ಕಟ್ಟಿಸಿದ. ನಿಜವಾದ ಕಲ್ಲು 20 ಮೀಟರ್ ಎತ್ತರದಿಂದ ನೆಲ ಮುಟ್ಟಲು ಸುಮಾರು 2 ಸೆಕೆಂಡು ಬೇಕು. ಆ ಅಳತೆಯ ಮಾದರಿಯಲ್ಲಿ ಎತ್ತರ 80 ಸೆಂಟಿಮೀಟರ್, ಕಲ್ಲು 0.4 ಸೆಕೆಂಡಿನಲ್ಲೇ ಬಿದ್ದು ಆಟಿಕೆಯ ಗುಟ್ಟನ್ನು ರಟ್ಟು ಮಾಡುತ್ತದೆ. ಎತ್ತರ 25 ಪಟ್ಟು ತಗ್ಗಿದರೆ ಕಾಲ ಅದರ ವರ್ಗಮೂಲದಷ್ಟು, ಎಂದರೆ 5 ಪಟ್ಟು, ತಗ್ಗುತ್ತದೆ. ಆದ್ದರಿಂದ ಸೆಕೆಂಡಿಗೆ 24ರ ಬದಲು 120 ಚಿತ್ರಗಳನ್ನು ತೆಗೆದು, ಎಂದಿನ 24ರ ವೇಗದಲ್ಲಿ ತೋರಿಸಿದರೆ ಕುಸಿತಕ್ಕೆ ತಕ್ಕ ಭಾರ ಬರುತ್ತದೆ. ಇದು ಸಿನಿಮಾದವರ ಸ್ವಂತ ಸೂತ್ರವೇನಲ್ಲ. ನಮ್ಮ ಕೃಷ್ಣರಾಜಸಾಗರದ ಇಂಜಿನಿಯರಿಂಗ್ ಸಂಶೋಧನಾ ಕೇಂದ್ರದಂಥ ಕಡೆಗಳಲ್ಲಿ ಅಣೆಕಟ್ಟಿನ ಮಾದರಿ ಕಟ್ಟಿ ನೀರು ಹರಿಸುವವರೂ ಇದೇ ವರ್ಗಮೂಲದ ಲೆಕ್ಕವನ್ನು ಹಿಡಿಯುತ್ತಾರೆ. ಆದರೆ ನೀರಿನ ಹನಿಯನ್ನೂ ಬೆಂಕಿಯ ನಾಲಗೆಯನ್ನೂ ಬೇಕಾದಷ್ಟು ಚಿಕ್ಕದಾಗಿಸಲು ಬಾರದು. ಚಿಕ್ಕ ಹಡಗುಗಳು ಸಮುದ್ರದ ಮೇಲೆ ಸಿಕ್ಕಿಬೀಳುವುದು ಇದರಿಂದಲೇ.

1990ರ ದಶಕದಿಂದ ಕಂಪ್ಯೂಟರು ಈ ಕೆಲಸದ ಬಹುಭಾಗವನ್ನು ಕೈಗೆತ್ತಿಕೊಂಡಿತು. ಆದರೂ 2014ರ 'ಇಂಟರ್‌ಸ್ಟೆಲ್ಲರ್' ಚಿತ್ರಕ್ಕೆ ಮಾದರಿ ನೌಕೆಗಳನ್ನು ಕಟ್ಟಿದರು. ನಿಜವಾದ ವಸ್ತುವಿನ ಮೇಲೆ ಬಿದ್ದ ನಿಜವಾದ ಬೆಳಕಿಗೆ ಅದರದೇ ಮರ್ಯಾದೆಯಿದೆ. ಹಳೆಯವುಗಳ ಗತಿ ಏನಾಯಿತು? ಕುಬ್ರಿಕ್ಕನ ಮಾದರಿಗಳಲ್ಲಿ ಹೆಚ್ಚಿನವು ಚಿತ್ರ ಮುಗಿದ ಮೇಲೆ ನಾಶವಾದವು. ಹೇಗೋ ಉಳಿದ ಒಂದು ಚಂದ್ರನೌಕೆಯನ್ನು ಅಮೆರಿಕದ ಚಲನಚಿತ್ರ ಅಕಾಡೆಮಿ 2015ರ ಹರಾಜಿನಲ್ಲಿ 3,44,000 ಡಾಲರಿಗೆ ಕೊಂಡಿತು. ಸುಮಾರು ಅರ್ಧ ಶತಮಾನದ ನಂತರ ಕಟ್ಟಿದ ಬೆಲೆ ಅದು.

ನಮ್ಮ ಮಣ್ಣೆತ್ತುಗಳೂ ಪೂಜೆಯ ನಂತರ ನೀರು ಸೇರುತ್ತಿದ್ದವು. ಅದರಲ್ಲಿ ದುಃಖವಿರಲಿಲ್ಲ, ಮಣ್ಣು ಮುಂದಿನ ವರ್ಷ ಮತ್ತೆ ಸಿಗುತ್ತಿತ್ತು. ಗಡಿಯಾರ ಹಾಗಲ್ಲ. ಒಂದು ಇಡಿಯನ್ನು ಒಡೆಯದೆ ಇನ್ನೊಂದು ಇಡಿಯನ್ನು ಕಟ್ಟಲಾಗದೆಂಬುದು ಈ ಕಲೆಯ ಸಂತೋಷ. ಒಡೆದದ್ದು ಯಾರದೆಂದು ಕೇಳಿಕೊಳ್ಳುವುದು ಅದರ ಋಣ. ಅಪ್ಪ ಆ ಡಬ್ಬಿಯನ್ನು ಎಸೆಯದೆ ಬಹುಕಾಲ ಮಾಡದಲ್ಲಿಯೇ ಇಟ್ಟಿದ್ದರು. ನಿಮ್ಮ ಮನೆಯ ಮಗು ಏನನ್ನಾದರೂ ಬಿಚ್ಚಿ ಹರವಿಕೊಂಡು ಕುಳಿತಿದ್ದರೆ ತಪ್ಪನ್ನು ತಿಳಿಸಿರಿ, ಬೇಡವೆನ್ನಲಾರೆ. ಅದಕ್ಕೆ ಮುನ್ನ ಒಮ್ಮೆ ನೆಲಕ್ಕೆ ಬಾಗಿ, ಅದರ ಕಣ್ಣಿನ ಎತ್ತರದಿಂದ ನೋಡಿರಿ.