ಹೆಣ್ಣುಗುದುರೆಯ ಬಾಣಂತನ

ಲಗ್ನದ ಕಾಲ ಬಂದಿತೆಂದರೆ ದಿಲ್ಲಿಯ ಹೋಟೆಲುಗಳಲ್ಲಿ ದುಡಿಯುವ ನಮ್ಮವರಿಗೆ ನಿದ್ರೆಯೆಂಬುದಿಲ್ಲ. ರಾತ್ರಿ ಹತ್ತು ಗಂಟೆಗೆ ಬೀದಿಯಲ್ಲಿ ಬ್ಯಾಂಡಿನ ಸದ್ದು ಕೇಳುತ್ತಲೇ ಒದ್ದೆ ಕೈಯನ್ನು ಒರಸಿಕೊಳ್ಳುತ್ತ ಬಾಗಿಲಿಗೆ ಬಂದು ನೋಡಿದರೆ, ಜರಿಯ ಹೊದಿಕೆ ಹೊತ್ತ ಬಿಳಿಯ ಕುದುರೆಯ ಮೇಲೆ ವರನ ಸವಾರಿ. ಇಲ್ಲಿಯವರು ಅದನ್ನು 'ಘೋಡಿ' ಎನ್ನುತ್ತಾರೆ, ಅಂದರೆ ಹೆಣ್ಣುಗುದುರೆ. ವರನನ್ನು ಹೊರುವುದು ಹೆಣ್ಣೇ ಆಗಬೇಕೆಂಬುದು ಇಲ್ಲಿನ ರೂಢಿ. ಆ ಕುದುರೆಯು ಲಾಯದಲ್ಲಿ ಎಳೆಯ ಮರಿಯೊಂದನ್ನು ಬಿಟ್ಟು ಬಂದಿರಬಹುದೆಂಬುದು ನನಗೆ ಬಹುಕಾಲ ಹೊಳೆದಿರಲಿಲ್ಲ. ಊರಿನಲ್ಲಿ ಬಾಣಂತಿಯನ್ನು ಬಿಟ್ಟು ಬಂದು ಇಲ್ಲಿ ತಟ್ಟೆ ತೊಳೆಯುವವರು ನಮ್ಮಲ್ಲಿಯೂ ಎಷ್ಟು ಮಂದಿಯಿಲ್ಲ!

ನಾನು ಗಲ್ಲಾದಲ್ಲಿ ಕುಳಿತಿರುತ್ತಿದ್ದ ದಿನಗಳಲ್ಲಿ ನಸುಕಿಗೇ ಚಹಾ ಕುಡಿಯಲು ಬರುತ್ತಿದ್ದ ಕುದುರೆಯವನೊಬ್ಬನಿದ್ದ. ಅವನು ಮೂರು ದಿನ ಕಾಣಲಿಲ್ಲ. ನಾಲ್ಕನೆಯ ದಿನ ಬಂದವನು ಲೋಟವನ್ನು ಮುಟ್ಟದೆ ಕುಳಿತ. ಅವನ ಘೋಡಿ ಮರಿ ಹಾಕಿತ್ತು, ಆದರೆ ಕಸ ಬಿದ್ದಿರಲಿಲ್ಲ. ದನಕ್ಕೆ ಬೀಳುವಂತೆ ಬೆಳಗಾಗುವುದರೊಳಗೆ ಬಿದ್ದೀತೆಂದು ನೆರೆಯವರು ಹೇಳಿದರು, ಇವನೂ ಕಾದ. ಮರುದಿನ ಜ್ವರ ಬಂದಿತು. ಅದರ ಮರುದಿನ ಮುಂಗಾಲನ್ನು ನೆಲಕ್ಕೆ ಊರಲಾರದೆ ಕುದುರೆ ನಿಂತಲ್ಲಿಯೇ ನಡುಗಿತು. ಪ್ರಾಣವೇನೋ ಉಳಿಯಿತು, ಮೆರವಣಿಗೆಯಲ್ಲಿ ನಡೆಯುವ ಕಾಲು ಉಳಿಯಲಿಲ್ಲ. ಅವನು ನನ್ನನ್ನು ಕೇಳಿದ್ದರೂ ನಾನು ಅದೇ ಮಾತನ್ನು ಹೇಳುತ್ತಿದ್ದೆ. ಹಟ್ಟಿಯಲ್ಲಿ ಬೆಳೆದ ನನಗೆ ದನದ ಬಾಣಂತನ ತಿಳಿದಿತ್ತೇ ಹೊರತು ಕುದುರೆಯದಲ್ಲ.

ವ್ಯತ್ಯಾಸವಿರುವುದು ಇಲ್ಲಿಯೇ. ದನದ ಕಸವು ಗರ್ಭಕೋಶಕ್ಕೆ ಗುಂಡಿ ಹಾಕಿದಂತೆ ಅಲ್ಲಲ್ಲಿ ಗಂಟುಗಳಿಂದ ಅಂಟಿರುತ್ತದೆ. ಹನ್ನೆರಡು ಗಂಟೆ ತಡವಾದರೂ ದನವು ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ಕುದುರೆಯದು ಒಳಮೈಗೆಲ್ಲ ಮಖಮಲಿನಂತೆ ಹಬ್ಬಿಕೊಂಡಿರುತ್ತದೆ. ಅದು ಮೂರು ಗಂಟೆಗಳೊಳಗೆ ಬಿದ್ದುಹೋಗಬೇಕು. ಒಂದು ತುಣುಕು ಉಳಿದರೂ ಅಲ್ಲಿ ರೋಗಾಣುಗಳು ಬೆಳೆದು, ಅವುಗಳ ವಿಷವು ರಕ್ತಕ್ಕೆ ಸೇರಿ, ಗೊರಸಿನ ಒಳಪದರಕ್ಕೆ ಉರಿಯೂತವನ್ನು ತರುತ್ತದೆ. ಕೆಟ್ಟುದು ಗರ್ಭಕೋಶವಾದರೂ ಕುಂಟಾಗುವುದು ಕಾಲು! ಆದುದರಿಂದ ಬಲ್ಲವರು ಗಡಿಯಾರವನ್ನು ಕಣ್ಣ ಮುಂದಿಟ್ಟುಕೊಳ್ಳುತ್ತಾರೆ: ಒಂದು ಗಂಟೆಯೊಳಗೆ ಮರಿ ನಿಲ್ಲಬೇಕು, ಎರಡು ಗಂಟೆಯೊಳಗೆ ಮೊಲೆಯುಣ್ಣಬೇಕು, ಮೂರು ಗಂಟೆಯೊಳಗೆ ಕಸ ಬೀಳಬೇಕು. ಬೀಳದಿದ್ದರೆ ಎಳೆಯಲಾಗದು, ಎಳೆದರೆ ಹರಿದು ತುದಿ ಒಳಗೇ ಉಳಿದೀತು, ಗರ್ಭಕೋಶವೇ ಹೊರಬಂದೀತು. ಜೋಲಾಡುವ ಭಾಗವನ್ನು ಕಾಲಿಗೆ ಸಿಕ್ಕದಂತೆ ಮೇಲಕ್ಕೆ ಕಟ್ಟಿ ಪಶುವೈದ್ಯರಿಗೆ ಹೇಳಿಕಳುಹಿಸಬೇಕು. ಅವರು ಅಲ್ಪ ಪ್ರಮಾಣದಲ್ಲಿ ಆಕ್ಸಿಟೋಸಿನ್ ಚುಚ್ಚುತ್ತಾರೆ. (ಹಾಲಿನವರಲ್ಲಿ ಕೆಲವರು ಎಮ್ಮೆಗೆ ಕದ್ದು ಚುಚ್ಚುವುದು ಈ ಔಷಧವನ್ನೇ. ಹಾಲು ಕೊಳ್ಳುವ ಹೋಟೆಲಿನವರಿಗೆ ಈ ಹೆಸರು ಹೊಸದಲ್ಲ.)

ಬಿದ್ದ ಕಸವನ್ನು ಕೂಡಲೇ ಹೂಳಲೂ ಬಾರದು. ಅದನ್ನು ನೆಲದ ಮೇಲೆ ಹರಡಿದರೆ ಪಾಯಜಾಮದಂತೆ ಎರಡು ಕಾಲುಗಳು ಕಾಣುತ್ತವೆ. ಮರಿ ಹೊರಬಂದ ತೂತು ಒಂದನ್ನುಳಿದು ಬೇರೆಲ್ಲಿಯೂ ಹರಿದಿರಬಾರದು. ಮರಿಯಿಲ್ಲದಿದ್ದ ಸಣ್ಣ ಕಾಲಿನ ತುದಿಯೇ ಹೆಚ್ಚಾಗಿ ಒಳಗೆ ಉಳಿಯುವುದು. ವಯಸ್ಸಾದ ಕುದುರೆಯು ಒಸಡು ಬಿಳಿಚಿ, ಬೆವರಿ, ಹೊಟ್ಟೆನೋವಿನಿಂದ ಒದ್ದಾಡಿದರೆ ಒಳಗೆ ರಕ್ತನಾಳ ಒಡೆದಿರಲೂಬಹುದು. ಅದನ್ನು ನಡೆಸದೆ, ಗದ್ದಲ ಮಾಡದೆ ವೈದ್ಯರಿಗಾಗಿ ಕಾಯಬೇಕು.

ಗಿಣ್ಣುಹಾಲನ್ನು ನಾವು ಬೆಲ್ಲ ಏಲಕ್ಕಿ ಹಾಕಿ ತಿನ್ನುವವರು. ಕುದುರೆಯ ಮರಿಗೆ ಅದು ಪ್ರಾಣ. ರೋಗವನ್ನು ತಡೆಯುವ ಶಕ್ತಿಯು ಗರ್ಭದಲ್ಲಿ ತಾಯಿಯಿಂದ ಮರಿಗೆ ಇಳಿಯುವುದಿಲ್ಲ, ಈ ಹಾಲಿನಿಂದಲೇ ಬರಬೇಕು. ಒಂದು ದಿನ ಕಳೆದರೆ ಮರಿಯ ಕರುಳು ಅದನ್ನು ಹೀರಿಕೊಳ್ಳದು. ಇದಕ್ಕೂ ಒಂದು ಅಪವಾದವುಂಟು. ಕತ್ತೆಗೆ ಕೂಡಿಸಿ ಹೇಸರಗತ್ತೆಯನ್ನು ಪಡೆಯುವಲ್ಲಿ, ಮೊದಲ ಮರಿಗಲ್ಲದಿದ್ದರೂ ಮುಂದಿನವುಗಳಿಗೆ ತಾಯಿಯ ಈ ಹಾಲೇ ವಿಷವಾಗಿ, ರಕ್ತ ಒಡೆದು ಕಾಮಾಲೆ ಬರುವುದುಂಟು. ಅಂತಹ ತಾಯಿಯ ವಿಚಾರವನ್ನು ವೈದ್ಯರಿಗೆ ಮುಂಚೆಯೇ ತಿಳಿಸಿರಬೇಕು.

ಇನ್ನು ಮುಂದಿನ ಗರ್ಭದ ಮಾತು. ಕುದುರೆಯ ಗರ್ಭ ಸುಮಾರು ೩೪೦ ದಿನಗಳದು. ವರುಷಕ್ಕೊಂದು ಮರಿ ಬೇಕೆಂದರೆ ಉಳಿಯುವುದು ೨೫ ದಿನ ಮಾತ್ರ. ಟೀಪೂ ಸುಲ್ತಾನನ ಕಾಲದಿಂದ ಅಶ್ವಪಾಲನೆಗೆ ಹೆಸರಾದ ನಮ್ಮ ಕುಣಿಗಲ್ಲಿನ ಸ್ಟಡ್ ಫಾರಮ್ಮು ೧೯೯೨ರಲ್ಲಿ ಖಾಸಗಿ ಗುತ್ತಿಗೆಗೆ ಹೋಗಿ ಪಂದ್ಯದ ಕುದುರೆಗಳನ್ನು ಬೆಳೆಸಿತಷ್ಟೆ. ಅಂತಹ ಕಡೆಗಳಲ್ಲಿ ಈ ಲೆಕ್ಕವು ಬಹು ಬಿಗಿ. ಪಂದ್ಯದ ಕುದುರೆಗಳಿಗೆಲ್ಲ ಜನವರಿ ೧ರಂದೇ ವಯಸ್ಸು ಏರುವುದರಿಂದ ತಡವಾಗಿ ಹುಟ್ಟಿದ ಮರಿಗೆ ನಷ್ಟ. ಪ್ರಕೃತಿಯೂ ಆಸೆ ತೋರಿಸುತ್ತದೆ: ಮರಿ ಹಾಕಿದ ಐದರಿಂದ ಹನ್ನೆರಡು ದಿನಗಳೊಳಗೆ ಕುದುರೆಯು ಮತ್ತೆ ಬೆದೆಗೆ ಬರುತ್ತದೆ. ಆದರೆ ಗರ್ಭಕೋಶದ ಒಳಪದರ ಕೂಡಿಬರಲು ಸುಮಾರು ಎರಡು ವಾರ ಬೇಕು. ಅಂಡವು ಫಲಿಸಿದ ಮೇಲೆ ಭ್ರೂಣವು ಗರ್ಭಕೋಶಕ್ಕೆ ಇಳಿಯುವುದು ಆರನೆಯ ದಿನದ ಹೊತ್ತಿಗೆ. ಎಂಟನೆಯ ದಿನ ಅಂಡ ಬಿಡುಗಡೆಯಾದರೆ ಭ್ರೂಣವು ಗುಡಿಸದ ಮನೆಗೆ ಬಂದಂತಾಯಿತು. ಹತ್ತು ದಿನ ಕಳೆದು ಬಿಡುಗಡೆಯಾದರೆ ಹಾಸಿಗೆ ಸಿದ್ಧವಾಗಿರುತ್ತದೆ. ಕಷ್ಟದ ಹೆರಿಗೆಯಾಗಿದ್ದರೆ, ಕಸ ತಡೆದಿದ್ದರೆ, ಒಳಗೆ ನೀರು ನಿಂತಿರುವುದು ಅಲ್ಟ್ರಾಸೌಂಡಿನಲ್ಲಿ ಕಂಡರೆ ಆ ಬೆದೆಯನ್ನು ಬಿಡುವುದೇ ಲೇಸು. ಹೀಗೆ ಬಿಟ್ಟು, ಅಂಡ ಬಿಡುಗಡೆಯಾದ ಆರೇಳು ದಿನಗಳ ಮೇಲೆ ಪ್ರಾಸ್ಟಗ್ಲಾಂಡಿನ್ ಕೊಟ್ಟು ಮುಂದಿನ ಬೆದೆಯನ್ನು ಸುಮಾರು ಒಂದು ವಾರ ಹಿಂದಕ್ಕೆ ತರುವ ಉಪಾಯವೂ ಇದೆ.

ಸಿರಿವಂತರ ಲಾಯದಲ್ಲಿ ಇದೆಲ್ಲ ನಡೆಯುತ್ತದೆ. ದಿಲ್ಲಿಯ ಸುತ್ತಲೂ ಅಶ್ವವಿದ್ಯೆಗೆ ಬಡತನವಿಲ್ಲ: ಮೀರತ್ತಿನಲ್ಲಿ ಸೈನ್ಯದ ಪಶುವೈದ್ಯ ದಳದ ವಿದ್ಯಾಲಯವಿದೆ, ಹಾಪುಡ ಜಿಲ್ಲೆಯ ಬಾಬೂಗಢದಲ್ಲಿ ಸೈನ್ಯದ ಅಶ್ವಸಂವರ್ಧನ ಕೇಂದ್ರವಿದೆ, ಹರಿಯಾಣದ ಹಿಸ್ಸಾರಿನಲ್ಲಿ ೧೯೮೫ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವಿದೆ. ಅದೇ ಹಾಪುಡ, ಗಾಜಿಯಾಬಾದು, ಬಾಗಪತದ ಇಟ್ಟಿಗೆಗೂಡುಗಳಲ್ಲಿ ಹಸಿ ಇಟ್ಟಿಗೆಯ ಗಾಡಿಗೆ ಕಟ್ಟಿದ ಕುದುರೆಗಳ ಕಥೆ ಬೇರೆ. ಅವು ಮರಿ ಹಾಕುವುದು ಹೆಚ್ಚಾಗಿ ವಸಂತದಲ್ಲಿ. ಮಳೆ ಬರುವ ಮುನ್ನ ಗೂಡುಗಳು ಉಸಿರು ಬಿಡದೆ ಉರಿಯುವುದೂ ಆಗಲೇ. ೩೫೦ ಕಿಲೋ ತೂಕದ ಕುದುರೆಯು ಮೊದಲ ತಿಂಗಳುಗಳಲ್ಲಿ ದಿನಕ್ಕೆ ಹತ್ತು ಲೀಟರಿನಷ್ಟು ಹಾಲು ಇಳಿಸಬೇಕು. ಅದಕ್ಕೆ ಬೇಕಾಗುವ ಆಹಾರ ಹೆಚ್ಚುಕಡಮೆ ಇಮ್ಮಡಿ. ಬರಿಯ ಹೊಟ್ಟು ತಿಂದು ಗಾಡಿಯನ್ನೂ ಎಳೆದು ಹಾಲನ್ನೂ ಕೊಡುವ ಕುದುರೆಯ ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದು. ಅಂತಹುದಕ್ಕೆ ಗರ್ಭ ನಿಲ್ಲುವುದೂ ಕಷ್ಟವೇ. ಯಜಮಾನನು ಕ್ರೂರಿಯೆಂದು ನಾನು ಹೇಳಲಾರೆ. ಅವನು ಗೂಡಿನವರಿಂದ ಮುಂಗಡ ಪಡೆದಿರುತ್ತಾನೆ. ಗಾಡಿ ನಿಂತರೆ ಅವನ ಒಲೆಯೂ ನಿಲ್ಲುತ್ತದೆ. ಮುಂಗಡವೆಂದರೇನೆಂದು ನಮ್ಮ ಹೋಟೆಲು ಹುಡುಗರಿಗೆ ವಿವರಿಸಬೇಕಾಗಿಲ್ಲ.

ನನ್ನ ಚಹಾದ ಗಿರಾಕಿಯು ಎರಡು ವರುಷದ ಮೇಲೆ ಸಾಲ ಮಾಡಿ ಬೇರೊಂದು ಘೋಡಿಯನ್ನು ಕೊಂಡ. ಅದು ಮರಿ ಹಾಕಿದ ರಾತ್ರಿ ವೈದ್ಯರಿಗೆ ಫೋನು ಮಾಡಲು ನಮ್ಮ ಗಲ್ಲಾಕ್ಕೇ ಓಡಿಬಂದಿದ್ದ. ಆಗಿನ್ನೂ ಎರಡೂವರೆ ಗಂಟೆಯಾಗಿತ್ತಷ್ಟೆ. ಅವನು ಮರಳಿ ಮುಟ್ಟುವಷ್ಟರಲ್ಲಿ ಕಸ ತಾನಾಗಿಯೇ ಬಿದ್ದಿತ್ತಂತೆ. ಆ ತಿಂಗಳ ಎರಡು ಮೆರವಣಿಗೆಗಳ ಮುಂಗಡವನ್ನು ಅವನು ಹಿಂದಿರುಗಿಸಿದ.